ಬೋರ್ಡಿಂಗಿನ ಮೊದಲ ಊಟ

ಸವದತ್ತಿಯ ಬ್ರಾಹ್ಮಣರ ಹುಡುಗ ದಿಗಂಬರ ಮುಂದೆ ಓದಬೇಕೆಂದರೆ ಕಿತ್ತೂರಿನ ಹುಡುಗರ ಬೋರ್ಡಿಂಗೊಂದೇ ಗತಿ. ತಂದೆ ತೀರಿಹೋಗಿದ್ದ. ತಾಯಿ ಇಂದಿರಾಬಾಯಿ ಕಂಡವರ ಮನೆಯಲ್ಲಿ ಅಡಿಗೆ ಮಾಡಿ ಅವನನ್ನು ಏಳನೆಯ ಇಯತ್ತೆ ದಾಟಿಸಿದ್ದೇ ದೊಡ್ಡದು. ಬೋರ್ಡಿಂಗಿನಲ್ಲಾದರೆ ಊಟ, ವಸತಿ, ಹೈಸ್ಕೂಲು ಎಲ್ಲ ಪುಕ್ಕಟೆ. ಅಲ್ಲೊಂದು ಜಾಗ ಖಾಲಿಯಾಗಿದೆ ಎಂದು ಹೇಳಿಕಳಿಸಿದವನು ಉಗರಗೋಳದ ಬಾಳು. ಹರಿಜನರ ಹುಡುಗ, ದಿಗಂಬರನ ಜೀವದ ಗೆಳೆಯ, ಒಂದು ವರ್ಷ ಮೊದಲೇ ಅಲ್ಲಿ ಸೇರಿದ್ದ.

ದಿಗಂಬರ ಬಸ್ಸಿಳಿದಾಗ ಬಾಳುವೇ ಟ್ರಂಕು ಹೊತ್ತ. ಗರಡಿ, ಬಡಿಗತನ ಕಲಿಸುವ ಕೋಣೆ, ಕಪಾಟು ತುಂಬ ಪುಸ್ತಕ ಎಲ್ಲ ತೋರಿಸಿದ. ದಿಗಂಬರನಿಗೆ ಸ್ವರ್ಗ ಮೂರೇ ಗೇಣು ಉಳಿದಿತ್ತು. ಸುಪರಿಂಟೆಂಡೆಂಟ್ ಮಹಾಂತಪ್ಪ ಮಾಸ್ತರರು ಕೇಳಿದ ಲೆಕ್ಕಕ್ಕೆಲ್ಲ ಅವನು ಪಟಪಟನೆ ಉತ್ತರ ಕೊಟ್ಟ.

“ಭಲೇ! ಹೋಗು, ಎಲ್ಲಾರ ಜೋಡಿ ಉಂಡು ಬಾ. ಆಮ್ಯಾಲೆ ನಿನ್ನ ಹೆಸರು ಹಚ್ಚತೇನಿ,” ಎಂದರು.

ಪಾಪ, ಅದು ಉಪಚಾರದ ಮಾತು ಎಂದುಕೊಂಡ ಹುಡುಗ. ಅದೇ ಅಲ್ಲಿಯ ನಿಜವಾದ ಪರೀಕ್ಷೆ. ಎಲ್ಲ ಜಾತಿಯ ಹುಡುಗರೂ ಒಂದೇ ಸಾಲಿನಲ್ಲಿ ಕೂತು, ಯಾರ ಪಾಳಿಯೋ ಅವರ ಕೈಯಿಂದ ಉಣ್ಣಬೇಕು. ಉಂಡವನಿಗೆ ಜಾಗ, ಒಲ್ಲೆ ಎಂದವನಿಗೆ ಬಸ್ಸು.

ಅವತ್ತು ಬಡಿಸುವ ಪಾಳಿ ಬಾಳುವಿನದು. ಗೆಳೆಯ ಬಂದ ಖುಷಿಗೆ ಬಿಸಿ ರೊಟ್ಟಿ ಆರಿಸಿ ತಂದಿದ್ದ.

“ಒಲ್ಲೆ. ಹಸಿವಿಲ್ಲ,” ಎಂದ ದಿಗಂಬರ.

ಅವತ್ತು ಏಕಾದಶಿ. ಅವರ ಮನೆಯಲ್ಲಿ ಆ ದಿನ ಯಾರೂ ಹನಿ ನೀರೂ ಮುಟ್ಟುತ್ತಿರಲಿಲ್ಲ. ಅಷ್ಟು ಬಾಯಿಬಿಟ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸವದತ್ತಿ ಸಾಲೆಯಲ್ಲಿ ಹುಡುಗರು “ಭಟ್ಟಾ, ಭಟ್ಟಾ” ಎಂದು ಕಾಡಿದ್ದು ನೆನಪಾಗಿ, ಇಲ್ಲೂ ನಗುತ್ತಾರೆಂದು ನಾಚಿದ. ನಾಚುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ?

“ನೀರಾದರ ಕುಡಿಯೋ,” ಎಂದ ಬಾಳು. ದನಿ ಸಣ್ಣದಾಗಿತ್ತು.

“ಒಲ್ಲೆ ಅಂದ್ನೆಲ್ಲ.”

ಬಾಗಿಲಲ್ಲಿ ನಿಂತಿದ್ದ ಮಾಸ್ತರರು ಹತ್ತಿರ ಬಂದರು. “ಮತ್ಯಾರ ಕೈಲೆ ನೀಡಿದ್ರ ಉಣ್ಣತಿ, ತಮ್ಮಾ?”

ಆಗ ತಿಳಿಯಿತು ದಿಗಂಬರನಿಗೆ. “ಇವತ್ತ ಏಕಾದಶಿ ಅದರಿ, ಸರ್...”

“ಈಗ ನೆನಪಾತೇನು? ಟ್ರಂಕ್ ತಗೊಂಡು ನಡಿ.”

ಬಾಳು ಅವನ ಕಡೆ ನೋಡಲೇ ಇಲ್ಲ.

ಮನೆಯಲ್ಲಿ ಇಂದಿರಾಬಾಯಿ ಹಣೆ ಹಣೆ ಬಡಿದುಕೊಂಡಳು. “ಸಾಲಿ ಕಲಿಯೋ ಹುಡುಗರಿಗೆ ಎಲ್ಲೀ ಏಕಾದಶಿಯೋ! ಉಂಡಿದ್ರ ಯಾವ ದೇವರು ಸಿಟ್ಟಾಗ್ತಿದ್ದ? ನಾಳೆ ದ್ವಾದಶಿ. ಮುಂಜಾನೆ ಬಸ್ಸಿಗೆ ಹೋಗು, ಅಲ್ಲೇ ಊಟಾ ಮಾಡು. ಆ ಹುಡುಗನ ಕೈಲೇ ಬಡಿಸಿಕೊಂಡು ಉಣ್ಣು.”

“ಹೊರಗ ಹಾಕಿದ ಮನೀ ಹೊಸ್ತಿಲಾ ನಾ ತುಳಿಯೂದಿಲ್ಲ.”

ಹದಿಮೂರರ ಪೋರನಿಗೆ ಎಂಥ ಸೆಡವು! ತಾಯಿ ಬೈದಳು, ಅತ್ತಳು. ಅವನು ಜಗ್ಗಲಿಲ್ಲ. ಆ ವರ್ಷವೇ ಬಸ್ ನಿಲ್ದಾಣದ ಎದುರಿನ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿದ. ಬಂದವರಿಗೆಲ್ಲ, ಮಾಸ್ತರರು ತನ್ನನ್ನು ಸುಳ್ಳೇ ಹೊರಗೆ ಹಾಕಿದರೆಂದು ಹೇಳುತ್ತ ಬಂದ. ಕೇಳಿದವರು ಲೊಚಗುಟ್ಟುತ್ತಿದ್ದರು, ಅದೂ ಒಂದು ಸುಖ.

ಕೆಲ ವರ್ಷಗಳ ಮೇಲೆ ಒಂದು ಮಧ್ಯಾಹ್ನ ಬಾಳು ಅದೇ ಅಂಗಡಿಗೆ ಬಂದ. ಮ್ಯಾಟ್ರಿಕ್ ಪಾಸಾಗಿ ಧಾರವಾಡದ ಕಾಲೇಜಿಗೆ ಹೊರಟಿದ್ದ. ದಿಗಂಬರ ತಕ್ಕಡಿ ಬಿಟ್ಟು ಹಾರಿ ಬಂದ.

“ಬಾಳ್ಯಾ, ದೇವರಾಣೆ, ಅವತ್ತು ಏಕಾದಶಿನೇ ಇತ್ತೋ. ನಿನ್ನ ಕೈ ಅಂತ ಅಲ್ಲ.”

“ಗೊತ್ತೈತಿ,” ಎಂದ ಬಾಳು. “ಮರುದಿನ ಮಾಸ್ತರ್ ಪಂಚಾಂಗ ನೋಡಿದ್ರು. ಭಾಳ ನೊಂದ್ಕೊಂಡ್ರು. ಮನಿಯಾಗ ತಿಳಿಸಿ ಹೇಳ್ತಾರ, ನಾಳೆ ಬಂದೇ ಬರ್ತಾನ, ಜಾಗಾ ಹಂಗೇ ಇರ್ಲಿ ಅಂದ್ರು. ನನ್ನ ಬಾಜೂಕ ನಿನ್ನ ತಾಟು ಹಾಕಿಟ್ಟಿದ್ವಿ. ವಾರ ಪೂರ್ತಿ ಹಾಕಿದ್ವಿ. ನೀ ಬರಲೇ ಇಲ್ಲ.”

“ಹೊರಗ ಹಾಕಿದ್ರು ಅಂತ ಊರೆಲ್ಲಾ ಹೇಳ್ಕೋತ ಬಂದೆನಲ್ಲೋ,” ಎಂದ ದಿಗಂಬರ. ಬಿಕ್ಕಿ ಬಿಕ್ಕಿ ಅಳು ಬಂತು. ಹಿಂದೆ ಗಿರಾಕಿಯೊಬ್ಬ ಸಕ್ಕರೆ ಕೇಳುತ್ತ ನಿಂತಿದ್ದ.