ಅಮ್ಮನ ಮಾತು ಕಡತಕ್ಕೆ

ಒಕ್ಕೂಟದ ಇಂಧನ ನಿಯಂತ್ರಣ ಆಯೋಗದ ಸದಸ್ಯ ಎಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ನಮ್ಮ ಮನೆಯ ಬಲ್ಬು ಹೋದರೆ ನಾನೇ ಸ್ಟೂಲು ಹತ್ತಬೇಕು. ವಿದ್ಯುತ್ ಕಂಪನಿಗಳು ಎಲ್ಲಿ ತಂತಿ ಎಳೆಯಬೇಕು ಎಂದು ತೀರ್ಮಾನಿಸುವುದು ನಮ್ಮ ಕೆಲಸ. ಅದಕ್ಕೊಂದು ಹಾಳು ನಿಯಮವಿದೆ: ವಿಚಾರಣೆಯಲ್ಲಿರುವ ವಿಷಯವನ್ನು ಹೊರಗೆ ಯಾರಾದರೂ ನಮ್ಮ ಕಿವಿಗೆ ಹಾಕಿದರೆ, ಅದನ್ನು ಇದ್ದದ್ದು ಇದ್ದ ಹಾಗೆ ಬರೆದು ಎಲ್ಲರೂ ಓದುವ ಕಡತಕ್ಕೆ ಸೇರಿಸಬೇಕು.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಅಂಥದ್ದೊಂದನ್ನು ನನ್ನ ಕಿವಿಗೆ ಹಾಕಿಯೇಬಿಟ್ಟಳು. ಎರಡು ಬೀದಿ ಆಚೆಗಿರುವ ನಿವೃತ್ತ ನರ್ಸಮ್ಮ ಅವಳ ಗೆಳತಿ. ದಿನಾ ಸಂಜೆ ಇಬ್ಬರೂ ಪಾರ್ಕಿನ ಬೆಂಚಿನಲ್ಲಿ ಕೂತು ಊರ ಉಸಾಬರಿಯೆಲ್ಲ ಮಾತಾಡುತ್ತಾರೆ. ಕಂಪನಿಯೊಂದು ಹೈಟೆನ್ಷನ್ ಟವರನ್ನು ನರ್ಸಮ್ಮನ ಹಿತ್ತಲಲ್ಲೇ ನೆಡಲು ನಮ್ಮ ಆಯೋಗಕ್ಕೆ ಅರ್ಜಿ ಹಾಕಿತ್ತು. ಟವರ್ ಬಂದರೆ ನರ್ಸಮ್ಮ ಮನೆ ಮಾರಿ ದೂರದಲ್ಲಿರುವ ತಮ್ಮನ ಊರಿಗೆ ಹೋಗುವವರು.

ನಾನು ತುತ್ತು ಕೆಳಗಿಟ್ಟು ಪೆನ್ನು ಹಿಡಿದೆ.

"ಬರ್ಕೋ," ಎಂದಳು ಅಮ್ಮ. "ಹತ್ತು ವರ್ಷದವರೆಗೂ ದೀಪ ಆರಿಸಿದ್ರೆ ಅಳ್ತಿದ್ದೆ, ಈಗ ದೇಶಕ್ಕೆಲ್ಲ ಕರೆಂಟಿನ ನ್ಯಾಯ ಹೇಳ್ತೀಯ. ಹಳೇ ರೈಲು ಹಳಿ ಜಾಗ ಖಾಲಿ ಬಿದ್ದಿದೆ, ಅಲ್ಲಿ ನೆಡೋಕೆ ಅವ್ರಿಗೇನು ಧಾಡಿ? ಅವಳೂ ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ? ನೀನಂತೂ ಗೋಡೆ."

ಗೋಡೆಯವರೆಗೂ ಬರೆದೆ.

ಸೋಮವಾರ ಕಡತ ಓದದವರು ಆಫೀಸಿನಲ್ಲಿ ಯಾರೂ ಉಳಿಯಲಿಲ್ಲ. ಸಭೆ ಮುಗಿದ ಮೇಲೆ ಅಧ್ಯಕ್ಷೆ ಬಹಳ ಗಂಭೀರವಾಗಿ, ದೀಪ ಹಾಕಿಯೇ ಹೋಗಲೇ ಎಂದು ಕೇಳಿದರು. ನಾನು ಆ ಪ್ರಕರಣದಿಂದ ಹಿಂದೆ ಸರಿದೆ.

ಆದರೆ ಕಡತಕ್ಕೆ ಸೇರಿದ ಮಾತಿಗೆಲ್ಲ ಕಂಪನಿ ಉತ್ತರ ಕೊಡಲೇಬೇಕು. ಅವರ ಎಂಜಿನಿಯರು ಹಳೇ ಹಳಿಯ ಉದ್ದಕ್ಕೂ ನಡೆದು ನೋಡಿದ. ಆ ದಾರಿಯೇ ನೆಟ್ಟಗಿತ್ತು. ಟವರ್ ಅಲ್ಲಿಗೆ ಹೋಯಿತು, ನರ್ಸಮ್ಮ ಉಳಿದರು. ನಾಲ್ಕು ಪುಟದ ಉತ್ತರದ ಕೊನೆಗೆ ಕಂಪನಿ ಬರೆದಿತ್ತು: "ತಾಯಿಯವರು ಯಾರ ಹತ್ತಿರ ಮಾತಾಡಬೇಕು ಎಂಬ ಪ್ರಶ್ನೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಸಂಬಂಧಪಟ್ಟ ಸದಸ್ಯರೇ ಉತ್ತರಿಸಬೇಕು."

ಆ ಉತ್ತರ ಬಂದ ನಂತರದ ಭಾನುವಾರ ಅಮ್ಮ ನನ್ನ ತಟ್ಟೆಯ ಪಕ್ಕ ಪೆನ್ನು ಇಟ್ಟಿದ್ದಳು. ಈಗ ಯಾವ ಪ್ರಕರಣವೂ ಇಲ್ಲವಲ್ಲ ಎಂದೆ.

"ಕಂಪನಿಯವ್ರು ಪಾಪ, ಅವ್ರ ಪಾಲಿನ ಉತ್ತರ ಕೊಟ್ರು. ನಿಂದು ಬಾಕಿ ಇದೆ."

ನಾಚಿಕೆಯಾಯಿತು. ಪೆನ್ನನ್ನು ಜೇಬಿಗೆ ಹಾಕಿ, ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡೆ. "ಹೇಳಮ್ಮ" ಎಂದೆ.

ಸಂಜೆ ನರ್ಸಮ್ಮನೇ ಮನೆಗೆ ಬಂದು ಬಾಗಿಲು ತಟ್ಟಿದರು, ಪಾರ್ಕಿನ ಬೆಂಚಿಗೆ ಅಮ್ಮ ಯಾಕೆ ಬರಲಿಲ್ಲವೆಂದು.