ನಲವತ್ತು ನಿಮಿಷದ ಮೋಟಾರು

ಓಡುವ ಮೋಟಾರಿಗೆ ಕಿವಿ ಹಚ್ಚಿ ಅದರ ಆಯಸ್ಸು ಹೇಳಬಲ್ಲ ನಾದಿನಿ ಸಿಕ್ಕಿದ್ದು ಮಾಲೀಕನ ಪುಣ್ಯವೋ ಪಾಪವೋ, ಅವನಿಗೇ ಗೊತ್ತಿರಲಿಲ್ಲ. ಕಾರ್ಖಾನೆಯವರೆಲ್ಲ ಅವಳನ್ನು ಕಿವಿಯಕ್ಕ ಎನ್ನುತ್ತಿದ್ದರು. ಅವಳ ಸಹಿ ಇಲ್ಲದೆ ಒಂದು ಪೆಟ್ಟಿಗೆಯೂ ಬಾಗಿಲು ದಾಟುತ್ತಿರಲಿಲ್ಲ.

ಈ ಸಲದ ಆರ್ಡರು ದೊಡ್ಡದು: ಇಪ್ಪತ್ತು ಸಾವಿರ ಪುಟ್ಟ ಮೋಟಾರು. ಅಯಸ್ಕಾಂತ ಒಂದು ದೇಶದ್ದು, ತಾಮ್ರದ ತಂತಿ ಇನ್ನೊಂದರದ್ದು, ಬೇರಿಂಗು ಮತ್ತೊಂದರದ್ದು. ತಂತಿ ಸುತ್ತಿ ಜೋಡಿಸುವುದಷ್ಟೇ ಇಲ್ಲಿ. ಆಮೇಲೆ ರೆಕ್ಕೆ ಕೂರಿಸುವವರು ಎಲ್ಲಿದ್ದಾರೋ ದೇವರೇ ಬಲ್ಲ. ಕಾಗದದಲ್ಲಿ ಮಾತ್ರ 'ಬೆಳೆಗೆ ಔಷಧಿ ಹೊಡೆಯುವ ಡ್ರೋನಿಗೆ' ಎಂದಿತ್ತು. ಮಾಲೀಕನಾದ ಭಾವ ಹಿರಿಹಿರಿ ಹಿಗ್ಗಿ ಎರಡು ಹೊಸ ಯಂತ್ರಗಳಿಗೆ ಮಾತಾಡಿಯೂ ಬಂದಿದ್ದ.

ಕಿವಿಯಕ್ಕ ಮೊದಲ ಮಾದರಿಯನ್ನು ಮೇಜಿಗೆ ಬಿಗಿದು ಓಡಿಸಿದಳು. ಅರ್ಧ ಗಂಟೆಗೆ ಸದ್ದು ಒರಟಾಯಿತು. ಇನ್ನೊಂದು ಹದಿನೈದು ನಿಮಿಷಕ್ಕೆ ಬೇರಿಂಗು ಕಿರುಗುಟ್ಟಿ, ಸುಟ್ಟ ವಾಸನೆ ಬಂತು. ಜೋಡಿಸಿದವರ ತಪ್ಪಲ್ಲ, ಎಲ್ಲವೂ ಗಿರಾಕಿ ಕೊಟ್ಟ ಅಳತೆಯಲ್ಲೇ ಇತ್ತು. ಅವಳು ಆರ್ಡರಿನ ಹಾಳೆ ಎತ್ತಿಕೊಂಡು ಮತ್ತೆ ಓದಿದಳು. ಬಾಳಿಕೆ: ನಲವತ್ತು ನಿಮಿಷ. ಬಿಡಿಭಾಗ: ಬೇಡ. ಗ್ಯಾರಂಟಿ: ಬೇಡ. ಹಾಳೆ ಹಿಡಿದು ಭಾವನ ಮುಂದೆ ಹೋಗಿ ನಿಂತಳು.

"ಭಾವ, ಒಂದು ಹೊಲ ಮುಗಿಯೋದ್ರೊಳಗೆ ಸಾಯೋ ಮೋಟಾರನ್ನ ಯಾವ ರೈತ ತಗೋತಾನೆ? ಇದು ಹೋದ್ರೆ ವಾಪಸ್ ಬರೋದಲ್ಲ. ಟಿವಿಲಿ ದಿನಾ ಯುದ್ಧದ ಸುದ್ದಿಲಿ ತೋರಿಸ್ತಾರಲ್ಲ, ಯಾರದೋ ಮನೆ ಮೇಲೆ ಬಿದ್ದು ಸಿಡಿಯೋ ಡ್ರೋನು, ಅದಕ್ಕೆ ಇದು."

ಭಾವನ ಮುಖ ಸಪ್ಪಗಾಯಿತು. "ನಾವು ಮಾಡೋದು ಮೋಟಾರು. ಯಾರು ಯಾವುದಕ್ಕೆ ಕಟ್ತಾರೋ, ನಮಗ್ಯಾಕೆ ಊರ ಉಸಾಬರಿ? ಸುಮ್ನೆ ಸಹಿ ಹಾಕಮ್ಮ."

"ಹಾಕ್ತೀನಿ" ಎಂದು ಅವಳು ಪರೀಕ್ಷೆಯ ಹಾಳೆಯಲ್ಲಿ 'ಔಷಧಿ ಹೊಡೆಯಲು ಯೋಗ್ಯವಲ್ಲ, ತಿರಸ್ಕರಿಸಿದೆ' ಎಂದು ಬರೆದು, ಕೆಳಗೆ ದುಂಡಗೆ ಸಹಿ ಹಾಕಿದಳು. "ಔಷಧಿ ಹೊಡೆಯೋ ಮೋಟಾರು ಸಾವಿರ ಗಂಟೆ ಓಡ್ಬೇಕು ಅಂತ ನಿಯಮ ಮಾಡಿದ್ದು ನೀವೇ. ಬೇರೆ ಯಾವುದಕ್ಕಾದ್ರೂ ಆದ್ರೆ, ಯಾವುದಕ್ಕೆ ಅಂತ ಅವರೇ ಬರೆದು ಕೊಡ್ಲಿ."

"ನಾನೇ ಸಹಿ ಹಾಕ್ತೀನಿ, ಬಿಡು!" ಭಾವ ಪೆನ್ನು ಕಿತ್ತುಕೊಂಡ. ತಂತಿ ಸುತ್ತುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಅವನು ಹಾಳೆ ನೋಡಿದ, ಮೇಜಿನ ಮೇಲೆ ಇನ್ನೂ ಬಿಸಿಯಾಗಿದ್ದ ಮೋಟಾರು ನೋಡಿದ. ಸಹಿ ಹಾಕಲಾಗಲಿಲ್ಲ. ಗೊಣಗುತ್ತಲೇ ಹೋಗಿ ಅವಳ ಪ್ರಶ್ನೆಯನ್ನು ಗಿರಾಕಿಗೆ ಕಳಿಸಿದ. ಬಾಯಿಗೆ ಬಂದಂತೆ ಬೈಯುವ ಮನುಷ್ಯನೇ ಹೊರತು ಕೆಟ್ಟವನಲ್ಲ.

ಊಟದ ಹೊತ್ತಿಗೆ ಉತ್ತರ ಬಂತು. ಯಾವುದಕ್ಕೆ ಎಂಬ ಮಾತೇ ಅದರಲ್ಲಿರಲಿಲ್ಲ. ಆರ್ಡರು ರದ್ದು. ಹಿಂದಿನ ಬೀದಿಯ ಕಾರ್ಖಾನೆಯವರು ಏನೂ ಕೇಳದೆ ಒಪ್ಪಿಕೊಂಡಿದ್ದಾರೆ, ನಾಳೆಯೇ ಅಲ್ಲಿ ಮಾದರಿಯ ಪರೀಕ್ಷೆ ಎಂದೂ ಬರೆದಿದ್ದರು.

ಭಾವ ತಲೆ ಮೇಲೆ ಕೈಹೊತ್ತು ಕೂತ. "ನೋಡಿದ್ಯಾ? ನಾವು ಬಿಟ್ರೆ ಇನ್ನೊಬ್ಬರು. ಆ ಮೋಟಾರು ಹೋಗೇ ಹೋಗುತ್ತೆ."

ಅವನನ್ನು ನೋಡಿ ಕಿವಿಯಕ್ಕನಿಗೆ ಪಾಪ ಎನಿಸಿತು. ಆದರೂ ಕೈಚಾಚಿದಳು.

"ಅಲ್ಲಿ ಮೋಟಾರು ಪರೀಕ್ಷೆ ಮಾಡೋಳಿಗೆ ಕೆಲಸ ಕಲಿಸಿದ್ದು ಯಾರು ಅಂದ್ಕೊಂಡ್ರಿ? ಫೋನ್ ಕೊಡಿ ಇಲ್ಲಿ."