ಪಾಲಣ್ಣನ ಯಂತ್ರದ ನಾಲ್ಕು ಸೆಲ್ಲು

ಯರ್ರಮ್ಮ ಯಂತ್ರವನ್ನು ಬೋರಲು ಹಾಕಿ, ಅದರ ಹೊಟ್ಟೆಯ ಮುಚ್ಚಳ ಜಾರಿಸಿ, ನಾಲ್ಕು ಪೆನ್ಸಿಲ್ ಸೆಲ್ಲುಗಳನ್ನು ಒಂದೊಂದಾಗಿ ಕಿತ್ತು ಸೆರಗಿಗೆ ಗಂಟು ಹಾಕಿಕೊಂಡಳು. ಪಡಸಾಲೆಯಲ್ಲಿ ಗಂಡ ಪಾಲಣ್ಣನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅಂಗಳದಲ್ಲಿ ಗಂಡಸರು ಚಟ್ಟ ಕಟ್ಟುತ್ತಿದ್ದರು. ಮೊಳಕಾಲ್ಮೂರಿನಿಂದ ಮಗ ದುರುಗೇಶ ಬರುವುದೊಂದೇ ಬಾಕಿ. ಬಸ್ಸು ಇನ್ನೂ ತಳಕು ದಾಟಿಲ್ಲವೆಂದು ಯಾರೋ ಹೇಳಿದರು.

ಪಕ್ಕದ ಮನೆಯ ಪಾಪಕ್ಕ ಬಾಗಿಲಲ್ಲಿ ಇಣುಕಿದಳು. "ಇಂಥಾ ಹೊತ್ನಾಗೆ ಅದನ್ಯಾಕೆ ಹಿಡ್ಕಂಡು ಕುಂತೀಯೇ ಯರ್ರಿ? ಒಂದೀಟು ಅತ್ತುಬಿಡವ್ವ."

"ದುರುಗನಿಗೆ ಕೊಡಾದು ಐತೆ. ಸುಮ್ನೆ ಇರೋ ಯಂತ್ರದಾಗೆ ಸೆಲ್ಲು ಬಿಟ್ರೆ ಸೋರಿ ಒಳಗೆಲ್ಲ ತಿಂದಾಕ್ತಾವೆ ಅಂತಿದ್ರು ಇವ್ರು. ಮೂವತ್ತು ವರ್ಷ ಬೈಸ್ಕಂಡಿದೀನಿ."

ಅಳು ಬರುತ್ತಲೇ ಇರಲಿಲ್ಲ. ಮೈಯೆಲ್ಲ ಜೋಮು ಹಿಡಿದಂತಿತ್ತು. ಇದೊಂದು ಕೆಲಸ ಸರಿಯಾಗಿ ಆಯಿತಲ್ಲ ಎಂಬ ಸಮಾಧಾನ ಮಾತ್ರ ಇತ್ತು.

*

ಪಾಲಣ್ಣ ಚಳ್ಳಕೆರೆಯ ರೇಡಿಯೊ ರಿಪೇರಿಯವನು. ತೊಂಬತ್ಮೂರರಲ್ಲಿ ವರ್ಗವಾಗಿ ಹೋಗುತ್ತಿದ್ದ ಸಾಹೇಬರೊಬ್ಬರು ಕೆಟ್ಟು ನಿಂತ ಈ ಕಂಪ್ಯೂಟರನ್ನು ಅವನಿಗೇ ಬಿಟ್ಟುಹೋದರು. ತೊಡೆಯ ಮೇಲೆ ಕೂರುವ, ದಪ್ಪ ಪುಸ್ತಕದಷ್ಟು ಪೆಟ್ಟಿಗೆ. ಮೇಲೆ ಎಂಟೇ ಸಾಲು ಹಿಡಿಸುವ ಬೂದು ಪರದೆ, ಕೆಳಗೆ ಗುಂಡಿಗಳು. ಕರೆಂಟಿನ ಹಂಗಿಲ್ಲ, ಟಾರ್ಚಿನ ಹಾಗೆ ಸೆಲ್ಲಿನಲ್ಲೇ ನಡೆಯುತ್ತಿತ್ತು. ಪಾಲಣ್ಣ ಅದನ್ನು ರಿಪೇರಿ ಮಾಡಿದ್ದೇ ಮಾಡಿದ್ದು, ಯರ್ರಮ್ಮನಿಗೆ ಸವತಿ ಬಂದಳೆಂದು ಓಣಿಯೆಲ್ಲ ಆಡಿಕೊಂಡಿತು.

ರೇಡಿಯೊ ಇನ್ನು ಯಾರು ಕೇಳುತ್ತಾರೆ ಎಂದು ಅಪ್ಪನ ಅಂಗಡಿ ಬಿಟ್ಟ ದುರುಗೇಶ, ಮೊಳಕಾಲ್ಮೂರಿನ ಮೊಬೈಲ್ ಅಂಗಡಿ ಸೇರಿಕೊಂಡ. ಅಂದಿನಿಂದ ಅಪ್ಪ ಮಗ ಮಾತು ಬಿಟ್ಟರು. ಮೂರು ವರ್ಷ ಹಾಗೇ ಹೋಯಿತು. ಆಮೇಲೆ ಗಂಟಲ ಆಪರೇಷನ್ ಆಗಿ ಪಾಲಣ್ಣನ ಮಾತೇ ನಿಂತುಹೋಯಿತು. ಆಗ ದಿನಾ ಮಧ್ಯಾಹ್ನ ಯಂತ್ರವನ್ನು ತೊಡೆಗೇರಿಸಿಕೊಂಡು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟತೊಡಗಿದ. ಓದು ಬಾರದ ಯರ್ರಮ್ಮ ಪಕ್ಕದಲ್ಲೇ ಕೂತಿರುತ್ತಿದ್ದಳು. ಹೋದ ಸೋಮವಾರ ಬರೆದು ಮುಗಿಸಿ, ಯಂತ್ರ ತೋರಿಸಿ, ಮೊಳಕಾಲ್ಮೂರಿನ ದಿಕ್ಕಿಗೆ ಕೈ ಮಾಡಿದ. ಮಗನಿಗೆ ಕೊಡು ಎನ್ನುತ್ತಿದ್ದಾನೆಂದು ಅವಳಿಗೆ ತಿಳಿಯಿತು.

*

ದುರುಗೇಶ ಬಂದವನೇ ಅಪ್ಪನ ಕಾಲು ಹಿಡಿದು ಕೂತ. ಅವನಿಗೂ ಅಳು ಬರಲಿಲ್ಲ. ಯರ್ರಮ್ಮ ಅವನನ್ನು ಒಳಕ್ಕೆ ಕರೆದು, ಸೆರಗಿನ ಗಂಟು ಬಿಚ್ಚಿ, ಯಂತ್ರವನ್ನೂ ಸೆಲ್ಲನ್ನೂ ಕೈಗಿಟ್ಟಳು.

"ನಿಂಗೆ ಕಾಗದ ಬರೆದವ್ರೆ ಕಣಪ್ಪ. ಇದ್ರಾಗೈತೆ."

"ಸೆಲ್ಲು ಯಾವಾಗ ಕಿತ್ತೆ?"

"ಬೆಳಿಗ್ಗೆ. ಸೋರ್ತಾವಲ್ಲ."

ದುರುಗೇಶ ಗೋಡೆಗೆ ಒರಗಿದ. "ರೇಡಿಯೊಕ್ಕೆ ಅದು ಸರಿ ಅವ್ವ. ಇದ್ರಾಗೆ ಬರೆದಿದ್ದು ಸೆಲ್ಲು ಇರೋಗಂಟ ಅಷ್ಟೇ ಇರ್ತೈತೆ. ಸೆಲ್ಲು ಕಿತ್ರೂ ಅಳಿಸ್ದಂಗೆ ಕಾಯಾಕೆ ಒಳಗೊಂದು ಸಣ್ಣ ಬ್ಯಾಟ್ರಿ ಇತ್ತು, ಅದು ಹೋಗಿ ಎಷ್ಟು ವರ್ಷ ಆತೋ."

ಆದರೂ ಸೆಲ್ಲು ಹಾಕಿದ. ಪರದೆಯಲ್ಲಿ ತಾರೀಖು ಬಂತು: ಸಾವಿರದ ಒಂಬೈನೂರನೆಯ ಇಸವಿ, ಜನವರಿ ಒಂದು. ಅದರ ಕೆಳಗೆ ಕಾಗದ ಇರಲಿಲ್ಲ.

"ನಾನೇ ಅಳಿಸಿಬಿಟ್ನಾ?"

ಅಂಗಳದಿಂದ, ಚಟ್ಟ ಕಟ್ಟಿ ಮುಗಿಸಿದ ಜಂಪಣ್ಣ ಕೂಗಿದ, "ಹೊತ್ತಾತು ಕಣ್ರಪ್ಪ, ಎತ್ತಾನ."

"ತಡೀರಿ," ಯರ್ರಮ್ಮ ಗದರಿದಳು. ಮಗನ ಕಡೆ ತಿರುಗಿದಳು. "ಬರೆಯೋ ಜಾಗ ತೆಗಿ. ಅವರ ಕೈ ನೋಡಿದೀನಿ ನಾನು."

ದುರುಗೇಶ ಖಾಲಿ ಹಾಳೆ ತೆರೆದುಕೊಟ್ಟ. ಅವಳು ಕಣ್ಣು ಕಿರಿದು ಮಾಡಿ ನಡುಸಾಲಿನ ಒಂದು ಗುಂಡಿ ಒತ್ತಿದಳು. ಮೇಲಿನ ಸಾಲಿನಲ್ಲಿ ಒಂದು, ಅದೇ ಸಾಲಿನಲ್ಲಿ ಇನ್ನೊಂದು, ಮತ್ತೆ ಹಿಂದಿನದು. ಕೊನೆಗೆ ನಡುಸಾಲಿನಲ್ಲೇ ಎರಡು.

"ಏನು ಬಂತು?"

"ದುರುಗ ಅಂತ." ಅವನ ದನಿ ಒಡೆಯಿತು.

"ದಿನಾ ಅಳಿಸೋರು, ದಿನಾ ಇಲ್ಲಿಂದ್ಲೇ ಸುರು ಮಾಡೋರು."

"ಆಮೇಲೆ ಅವ್ವ? ಆಮೇಲೆ ಯಾವುದು ಒತ್ತೋರು?"

ಯರ್ರಮ್ಮನ ಬೆರಳು ಗುಂಡಿಗಳ ಮೇಲೆ ಒಂದು ಸುತ್ತು ಬಂತು. ಒಂದರ ಮೇಲೆ ನಿಂತಿತು, ಅಲ್ಲಿಂದ ಎದ್ದು ಇನ್ನೊಂದರ ಮೇಲೆ ಹೋಯಿತು. ಯಾವುದನ್ನೂ ಒತ್ತಲಿಲ್ಲ.